ಮೂರನೆಯ ನೀರು

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬಾಗಿಲಿಗೆ ಎದುರಾಗಿರುವ ತಗಡಿನ ಅಂಗಡಿಯಲ್ಲಿ ಹೆಂಗಸೊಬ್ಬರು ಬೋಗುಣಿಯ ನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸುತ್ತಾರೆ, ಮುಖ ಕಿವುಚುತ್ತಾರೆ. "ಇನ್ನೂ ಸಮುದ್ರಾನೇ!" ಎಂದು ಅದನ್ನು ಚೆಲ್ಲಿ ಹೊಸ ನೀರು ತುಂಬುತ್ತಾರೆ. ಅದರೊಳಗಿರುವುದು ವಾರಗಟ್ಟಲೆ ಉಪ್ಪುನೀರಿನಲ್ಲಿ ನೆನೆದು ಹುಳಿತ ಸೌತೆಕಾಯಿಯ ಬಿಲ್ಲೆಗಳು. ಅವನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಮಾರುವುದು ಇವರ ಇಪ್ಪತ್ತೆರಡು ವರ್ಷಗಳ ಕಸುಬು. ಸುತ್ತಲಿನವರ ಬಾಯಲ್ಲಿ ಇವರು ‘ಬಿಲ್ಲೆ ಅಕ್ಕ’.

ಹಿಂದೆ ಒಂದೇ ನೀರಿನಲ್ಲಿ ತೊಳೆಯುತ್ತಿದ್ದರು. ಈಗ ಮೂರು ನೀರು. ಕಾರಣ, ಬಸ್ಸು ಓಡಿಸುತ್ತಿದ್ದ ಅವರ ಪತಿ. ದಿನದ ಮೊದಲ ತಟ್ಟೆ ಅವರದೇ ಆಗಿತ್ತು. ಕಳೆದ ವರ್ಷ ಕಾಲು ಊದಿ, ರಕ್ತದೊತ್ತಡ ಏರಿ, ವೈದ್ಯರು ಉಪ್ಪಿಗೆ ಕಡಿವಾಣ ಹಾಕಿದ ಮೇಲೆ ಅವರು ಅಂಗಡಿಯ ಕಡೆ ಸುಳಿದಿಲ್ಲ.

"ಮನೆಯವರ ಬಾಯಿಗೆ ಇಡೋಕಾಗದ್ದನ್ನ ಊರವರ ಬಾಯಿಗೆ ಹೇಗೆ ಇಡ್ಲಿ, ಹೇಳಿ?" ಎನ್ನುತ್ತಾರೆ ಅಕ್ಕ.

ಹಾದಿ ಸುಲಭದ್ದಾಗಿರಲಿಲ್ಲ. ಮೂರು ನೀರು ಕುಡಿದು ಒದ್ದೆಯಾದ ಬಿಲ್ಲೆಗೆ ಹಿಟ್ಟು ಹಿಡಿಯಲಿಲ್ಲ. ಎಣ್ಣೆ ಸಿಡಿದು ಮೊಣಕೈ ಸುಟ್ಟಿತು. ಈಗ ದಿನಕ್ಕೆ ಎಂಟು ಕಿಲೋ ಕಾಯಿ, ಹತ್ತಿರ ಹತ್ತಿರ ಒಂಬೈನೂರು ಬಿಲ್ಲೆ. ಪ್ರತಿಯೊಂದನ್ನೂ ಬಟ್ಟೆಯ ಮೇಲೆ ಹರವಿ ಒತ್ತಿ ಒರೆಸುತ್ತಾರೆ. ಸಪ್ಪೆಯೆಂದು ಮುನಿಯುವ ಗಿರಾಕಿಗೆ ನಿಂಬೆಹಣ್ಣು ಹಿಂಡಿಕೊಡುತ್ತಾರೆ.

ಆಸ್ಪತ್ರೆಯ ಪಥ್ಯತಜ್ಞೆ ಪರೀಕ್ಷೆಗೆ ಕಳಿಸಿದ್ದ ಬಿಲ್ಲೆಗಳ ವರದಿ ನಿನ್ನೆ ಬಂದಿದೆ: ಉಪ್ಪು ಮೊದಲಿನ ಮೂರರಲ್ಲೊಂದು ಪಾಲಿಗೆ ಇಳಿದಿದೆ. ಹಾಗಾದರೆ ಇದು ಆರೋಗ್ಯಕರ ತಿಂಡಿಯೇ ಎಂದು ಕೇಳುತ್ತೇನೆ. ಅಕ್ಕ ನಗುತ್ತಾರೆ.

"ಎಣ್ಣೇಲಿ ಮುಳುಗಿ ಎದ್ದದ್ದಕ್ಕೆ ಅಷ್ಟು ದೊಡ್ಡ ಹೆಸರು ಯಾಕೆ ಸ್ವಾಮಿ? ನಮ್ಮೋರಿಗೆ ವಾರಕ್ಕೆ ನಾಲ್ಕೇ ಬಿಲ್ಲೆ ಅಂತ ಆಸ್ಪತ್ರೆ ಮೇಡಂ ಅಂದಿದಾರೆ. ಇವತ್ತು ಬನ್ನಿ ಅಂತ ಕರೆದು ಬಂದಿದೀನಿ. ಬರ್ತಾರೋ, ಮುನಿಸ್ಕೊಂಡು ಕೂತ್ಕೋತಾರೋ!"

ಏಳು ಗಂಟೆಗೆ ಪತಿ ಕೋಲೂರಿ ಬರುತ್ತಾರೆ. ಬೆಂಚಿನ ತಮ್ಮ ಹಳೆಯ ತುದಿಯಲ್ಲೇ ಕೂರುತ್ತಾರೆ. ಮೊದಲ ಬಿಲ್ಲೆಯನ್ನು ಬಹಳ ಹೊತ್ತು ಅಗಿಯುತ್ತಾರೆ. ಅಕ್ಕನ ಕೈಯ ಜಾಲರಿ ಬಾಣಲೆಯ ಮೇಲೆಯೇ ನಿಂತಿದೆ.

"ಉಪ್ಪು ಎಲ್ಲಿ ಹೋಯ್ತೇ?"

"ಮೋರಿಗೆ ಹೋಯ್ತು. ಸುಮ್ಮನೆ ತಿನ್ನಿ."

ನಾಲ್ಕೂ ಮುಗಿಯುತ್ತವೆ. ಅವರ ಕೈ ಮೆಲ್ಲಗೆ ಐದನೆಯದರತ್ತ ಚಾಚುತ್ತದೆ. ಅಕ್ಕ ಟಪ್ಪೆಂದು ಕರಿದ ಬಿಲ್ಲೆಗಳ ಪಾತ್ರೆಗೆ ಮುಚ್ಚಳ ಎಳೆದು ನನ್ನ ಕಡೆ ತಿರುಗುತ್ತಾರೆ.

"ನೋಡಿದ್ರಾ? ಸಪ್ಪೆಯಾಗಿದ್ರೆ ಕೈ ಚಾಚ್ತಿದ್ರಾ?"