ಅದಲುಬದಲಾದ ಎರಡು ಬೀದಿಗಳು

ದೊಡ್ಡಪ್ಪ ಬೋರ್ಡು ಬರೆಯುವವರು. ಊರಿನ ಅಂಗಡಿ, ಶಾಲೆ, ಲಾರಿಗಳ ಬೆನ್ನು, ಎಲ್ಲೆಲ್ಲೂ ಅವರದೇ ಅಕ್ಷರ. ಬೇರೆಯವರು ಬರೆದ ಸೊಟ್ಟ ಅಕ್ಷರ ಕಂಡರೆ "ಇದು ಕುಡಿದು ಬರೆದದ್ದೋ, ಬರೆದು ಕುಡಿದದ್ದೋ?" ಎಂದು ನಗಿಸುತ್ತಾರೆ. ತಾತನ ಸ್ಟೌ ರಿಪೇರಿ ಅಂಗಡಿಯ ಮಾತು ಬಂದರೆ ಮಾತ್ರ ಬಾಯಿಗೆ ಬೀಗ.

ಲೈಬ್ರರಿಯವರು ಹಳೆಯ ಅಂಗಡಿಗಳ ಫೋಟೊ ಪ್ರದರ್ಶನ ಮಾಡುತ್ತೇವೆ, ವಿವರ ಕೊಡಿ ಎಂದಿದ್ದರು. ಮನೆಯಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ, ಹಾಗಾಗಿ ಹುಡುಕುವ ಕೆಲಸ ನನಗೇ ಬಂತು. ಅಪ್ಪನಿಗೆ ಇಷ್ಟವಿರಲಿಲ್ಲ. ಅಂಗಡಿ ಮುಚ್ಚಿದಾಗ ಅವರು ಅಕ್ಷರ ಕಲಿಯುತ್ತಿದ್ದ ಮಗು. ಶಾಲೆ ಬಿಟ್ಟು ಹಳ್ಳಿ ಸೇರಿ ಇಟ್ಟಿಗೆ ಗೂಡಿನಲ್ಲಿ ಬೆಳೆದರು.

"ನಿಮ್ಮ ತಾತ ಸೋಮಾರಿ. ಗಿರಾಕಿ ಬಂದ್ರೆ ಮೈಮೇಲೆ ಬೀಳೋರು. ಅಂಥ ಅಂಗಡಿ ಉಳಿಯುತ್ತಾ?" ಎನ್ನುತ್ತಿದ್ದರು.

ಅಂಗಡಿಯಿದ್ದದ್ದು ಗಾಣದ ಬೀದಿಯಲ್ಲಿ. ಆ ಹೆಸರು ಈಗಿಲ್ಲ. ಜಾಗ ತೋರಿಸಿ ಎಂದರೆ ದೊಡ್ಡಪ್ಪ "ಬಿಸಿಲು ಇಳೀಲಿ ಪುಟ್ಟಿ" ಎನ್ನುವರು. ಬಿಸಿಲು ಇಳಿದರೆ ಕೆಲಸವಿದೆ ಎನ್ನುವರು. ಪುರಸಭೆಯ ಹಳೆಯ ಆದೇಶ ಹುಡುಕಿದೆ. ಗಾಣದ ಬೀದಿಗೆ ಶಾಂತಿ ರಸ್ತೆ ಎಂದೂ, ಹಿಂಬದಿಯ ಬಾವಿ ಬೀದಿಗೆ ಪ್ರಗತಿ ರಸ್ತೆ ಎಂದೂ ಹೊಸ ಹೆಸರಿಟ್ಟಿದ್ದರು. ಶಾಂತಿ ರಸ್ತೆಗೆ ಹೋದೆ. ಅಲ್ಲೇ ಹುಟ್ಟಿ ಬೆಳೆದ ಅಜ್ಜಿಯೊಬ್ಬರು, "ಇಲ್ಲಿ ಸ್ಟೌ ರಿಪೇರಿ ಮಾಡ್ತಿದ್ದೋನು ಕುಂಟಣ್ಣ. ಅವನಿಗೆ ಮಕ್ಕಳೇ ಇರ್ಲಿಲ್ಲ, ಮೊಮ್ಮಗಳು ಎಲ್ಲಿಂದ ಬಂದೆಯಮ್ಮ?" ಎಂದರು.

ಲೈಬ್ರರಿಯವರೂ ಅಲ್ಲಿ ವಿಚಾರಿಸಿದ್ದರು. "ಬೇರೆಯವರ ಅಂಗಡಿನ ನಮ್ಮದು ಅಂತೀರಲ್ಲಮ್ಮ" ಎಂದು ನಾನು ಕೊಟ್ಟಿದ್ದ ತಾತನ ಅಂಗಡಿಯ ಫೋಟೊ ವಾಪಸು ಕೊಟ್ಟರು.

ಅಪ್ಪ ಊರಿಗೆ ಬಂದಿದ್ದ ದಿನ, ದೊಡ್ಡಪ್ಪನ ಬಣ್ಣದ ಶೆಡ್ಡಿನಲ್ಲಿ ಕೂತು ಇದನ್ನು ಹೇಳಿದೆ. ಅಪ್ಪ ಕಹಿಯಾಗಿ ನಕ್ಕರು.

"ನೋಡಣ್ಣ, ಸತ್ತ ಮೇಲೂ ನಮ್ಮ ಮಾನ ಕಳೀತಿದಾರೆ ಅಪ್ಪ."

ಬ್ರಶ್ ತೊಳೆಯುತ್ತಿದ್ದ ದೊಡ್ಡಪ್ಪನ ಕೈ ನಿಂತಿತು. "ಅವರಲ್ಲ ಕಣೋ. ನಾನು."

ಬೀದಿಗಳ ಹೊಸ ಫಲಕ ಬರೆದವರು ದೊಡ್ಡಪ್ಪನೇ. ಹಸಿ ಬಣ್ಣಕ್ಕೆ ಧೂಳು ಕೂರದಂತೆ ಫಲಕಗಳ ಮುಖವನ್ನು ಗೋಡೆಯ ಕಡೆ ಮಾಡಿ ನಿಲ್ಲಿಸಿ, ಯಾವುದು ಯಾವ ಬೀದಿಗೆಂದು ಬೆನ್ನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು. ಶಾಂತಿ, ಪ್ರಗತಿ ಎರಡರ ಗುರುತು ಅದಲುಬದಲಾಗಿತ್ತು. ಮೊಳೆ ಹೊಡೆಯುವವನು ಗುರುತು ನೋಡಿ ಶಾಂತಿ ರಸ್ತೆಯ ಫಲಕವನ್ನು ಬಾವಿ ಬೀದಿಗೆ ಹೊಡೆದು ಹೋದ. ಆಗ ಊರಿನವರ ಬಾಯಲ್ಲಿ ಹಳೆಯ ಹೆಸರೇ ಇದ್ದುದರಿಂದ ಯಾರಿಗೂ ತಿಳಿಯಲಿಲ್ಲ.

"ಮಾರನೇ ದಿನವೇ ನಾನು ನೋಡ್ದೆ. ಹೇಳಿದ್ರೆ ಮಿಕ್ಕ ಬೀದಿಗಳ ಕೆಲಸ ಕಿತ್ಕೋತಾರೆ ಅಂತ ಸುಮ್ಮನಾದೆ. ಅಪ್ಪಂಗೆ ಓದು ಬರದು. ಹಳ್ಳಿಹಳ್ಳಿಗೆ ಹಂಚೋಕೆ ಕರಪತ್ರ ಅಚ್ಚು ಹಾಕ್ಸೋವಾಗ, 'ಪುರಸಭೆಯವರು ಶಾಂತಿ ರಸ್ತೆ ಅಂದ್ರಲ್ಲ, ಹಾಗೇ ಹಾಕ್ಸಲೇನೋ?' ಅಂದ್ರು. ಹೂಂ ಅಂದೆ."

ಕರಪತ್ರ ಹಿಡಿದು ಬಂದವರೆಲ್ಲ ಫಲಕ ನೋಡಿಕೊಂಡು ಕುಂಟಣ್ಣನ ಅಂಗಡಿಗೆ ಹೋದರು. ತಾತ ಕೆಲಸವಿಲ್ಲದೆ ಕೂತರು, ಸಿಡುಕಿದರು. ಮಿಕ್ಕಿದ್ದು ನಮಗೆ ಗೊತ್ತಿತ್ತು.

ಅಪ್ಪ ಎದ್ದು ನಿಂತರು.

"ನೀನು ಇವತ್ತು ಹೇಳಿ ಹಗುರ ಮಾಡ್ಕೊಂಡೆ ಅಣ್ಣ. ಅಪ್ಪ ಹಾಸಿಗೆ ಹಿಡಿದಾಗ ಸೋಮಾರಿ ಅಂತ ಮುಖಕ್ಕೇ ಅಂದಿದ್ದೆ. ನಾನು ಯಾರ ಹತ್ರ ಹೋಗಿ ಹೇಳ್ಲಿ?"

ದೊಡ್ಡಪ್ಪನದು ಹಗುರವಾದ ಮುಖವಾಗಿರಲಿಲ್ಲ.

"ನಡಿ, ತೋರ್ಸು" ಎಂದರು ಅಪ್ಪ.

ಪ್ರಗತಿ ರಸ್ತೆಯ ಒಂದು ಟೈಲರ್ ಅಂಗಡಿಯ ಮುಂದೆ ದೊಡ್ಡಪ್ಪ ನಿಂತರು. "ಇಲ್ಲೇ."

"ಅಪ್ಪ ಎಲ್ಲಿ ಕೂರೋರಣ್ಣ?"

ದೊಡ್ಡಪ್ಪ ಹೊಸ್ತಿಲ ಎಡಬದಿ ತೋರಿಸಿದರು. ಅಪ್ಪ ಚಪ್ಪಲಿ ಬಿಟ್ಟು ಅಲ್ಲಿ ಕೂತರು. ಹೊಲಿಗೆ ಯಂತ್ರ ನಿಲ್ಲಿಸಿ ಟೈಲರ್ ಇಣುಕಿದ.

"ಏನು ಬೇಕಿತ್ತು ಯಜಮಾನ್ರೇ?"

ನಾನೇ ಮುಂದೆ ಹೋಗಿ, ಅಪ್ಪ ಸ್ವಲ್ಪ ಹೊತ್ತು ಕೂತಿರಲಿ ಎಂದು ಕೇಳಿಕೊಂಡೆ.