ಮೊಳೆಗೆ ನೇತಾಡಿದ ಬ್ಯಾಡ್ಜು

ಎಕ್ಸ್‌ರೇ ತೆಗೆಯುವ ನಮ್ಮಂಥವರು ಎದೆಗೊಂದು ಬ್ಯಾಡ್ಜು ಸಿಕ್ಕಿಸಿಕೊಂಡಿರಬೇಕು. ಮೈಗೆ ಎಷ್ಟು ವಿಕಿರಣ ತಾಗಿತೆಂದು ಆಮೇಲೆ ಅದನ್ನು ಪರೀಕ್ಷಿಸಿ ಹೇಳುತ್ತಾರೆ. ಈ ಸಲ ನನ್ನದು ಮಿತಿ ಮೀರಿತ್ತು. ವಿಚಾರಿಸಲು ಮೂಡಿಗೆರೆಯ ನಮ್ಮ ಆಸ್ಪತ್ರೆಗೇ ಒಬ್ಬ ಅಧಿಕಾರಿ ಮೇಡಂ ಬಂದರು.

“ಕೆಲಸ ಮಾಡುವಾಗ ಸುಸ್ತು, ವಾಂತಿ, ಕೈ ನಿಧಾನವಾಗೋದು ಏನಾದ್ರೂ ಇದೆಯಾ?”

“ಅದೆಲ್ಲ ಇಲ್ಲ ಮೇಡಂ, ಮರೆವು ಮಾತ್ರ ವಿಪರೀತ,” ಎಂದೆ. ಉಪ್ಪು ತರಲು ಮರೆತಾಗಲೆಲ್ಲ ಹೆಂಡತಿಗೂ ವಿಕಿರಣದ ಕಾರಣವನ್ನೇ ಕೊಡುತ್ತಿದ್ದೆ.

“ಇಷ್ಟಕ್ಕೆಲ್ಲ ಮರೆವು ಬರಲ್ಲ. ಎಲ್ಲಿ, ಬ್ಯಾಡ್ಜು ತೋರಿಸಿ.”

ಎದೆ ಮುಟ್ಟಿಕೊಂಡೆ. ಇರಲಿಲ್ಲ.

ಭುಜದ ಎಕ್ಸ್‌ರೇಗೆ ಎರಡನೇ ಸಲ ಬಂದಿದ್ದ, ಕಾಫಿ ಕೊಯ್ಯುವ ಗಿರಿಜಮ್ಮ ಮೆಷಿನ್ನಿನ ಪಕ್ಕದ ಮೊಳೆ ತೋರಿಸಿದರು. “ಅಲ್ಲೇ ನೇತಾಡ್ತಿದೆಯಲ್ಲ ಸಾರ್. ಹೋದ ಸಲ ಬಂದಾಗ್ಲೂ ಅಲ್ಲೇ ಇತ್ತು.”

ಪ್ರತಿ ಎಕ್ಸ್‌ರೇಗೂ ನಾನು ಸೀಸದ ಪರದೆಯ ಹಿಂದೆ ಅವಿತರೆ, ಬ್ಯಾಡ್ಜು ಮೆಷಿನ್ನಿನ ಪಕ್ಕದಲ್ಲೇ ಉಳಿಯುತ್ತಿತ್ತು. ಮೇಡಂ ನಕ್ಕುಬಿಟ್ಟರು.

“ನಾವು ಹಣ್ಣಿನ ಚೀಲ ಸೊಂಟದಿಂದ ಬಿಚ್ಚೋದೇ ಇಲ್ಲ ಮಾರಾಯ್ರೆ,” ಎಂದರು ಗಿರಿಜಮ್ಮ. “ಗಿಡಕ್ಕೆ ನೇತುಹಾಕಿದ್ರೆ ಗಿಡವೇ ಕೊಯ್ದು ತುಂಬುತ್ತಾ?”

ಈಗ ಬ್ಯಾಡ್ಜು ನನ್ನ ಎದೆ ಬಿಟ್ಟು ಕದಲುವುದಿಲ್ಲ, ರೀಡಿಂಗೂ ಸರಿಯಾಗಿದೆ. ಉಪ್ಪು ಮರೆತ ದಿನ ಮಾತ್ರ ಹೆಂಡತಿಗೆ ಹೇಳಲು ಏನೂ ಉಳಿದಿಲ್ಲ.