ಗಿರಣಿ ಗೋಡೆಯ ನಕ್ಷೆ

ಎಪ್ಪತ್ತರ ದಶಕದ ಕೊನೆಗೆ ನಾನು ಮುಂಬಯಿಯಲ್ಲಿ ಯುದ್ಧನೌಕೆಗಳ ಬಿಡಿಭಾಗಗಳ ನಕ್ಷೆ ತೆಗೆಯುತ್ತಿದ್ದೆ. ಕ್ಷಿಪಣಿ ಹಾರಿಸುವ ವಿಧ್ವಂಸಕ ಹಡಗುಗಳು ಹೊರದೇಶದಿಂದ ಬರುವುದಿದ್ದವು. ಅವುಗಳ ಪಂಪು, ವಾಲ್ವು, ಬುಶ್ಶುಗಳನ್ನು ಮುಂದೆ ಇಲ್ಲೇ ಮಾಡಿಕೊಳ್ಳಬೇಕೆಂದು ನಾವು ಏಳೆಂಟು ಜನ ದಿನವಿಡೀ ಗೆರೆ ಎಳೆಯುತ್ತಿದ್ದೆವು. ಕ್ಷಿಪಣಿಯನ್ನು ನಾನು ಕಣ್ಣಿನಿಂದ ಕಂಡವಳಲ್ಲ. ಆದರೆ ಒಂದು ಪಾಠ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು: ಸವೆದ ಭಾಗವನ್ನು ನೋಡಿ ಹೊಸದನ್ನು ಮಾಡಬಾರದು, ಅದು ಯಾವುದರ ಜೊತೆ ಕೂಡಬೇಕೋ ಅದನ್ನು ಅಳೆಯಬೇಕು.

ಚೊಚ್ಚಲ ಬಾಣಂತನಕ್ಕೆ ಹೂವಿನ ಹಿಪ್ಪರಗಿಯ ತವರಿಗೆ ಬಂದೆ. ಅಪ್ಪನದು ಹಿಟ್ಟಿನ ಗಿರಣಿ, ಮನೆಗೆ ಹತ್ತಿಕೊಂಡೇ ಇತ್ತು. ಮಗಳಿಗೆ ಎರಡು ತಿಂಗಳಾದಾಗ ಅಪ್ಪ ತೊಟ್ಟಿಲ ಪಕ್ಕ ಕೂತು ತೀರ್ಪು ಕೊಟ್ಟ.

"ಯವ್ವಾ, ಇನ್ನ ನೌಕರಿ ಸಾಕು. ನಿಮ್ಮತ್ತೀನೂ ಹಂಗ ಅಂತಾಳ. ಕೂಸನ್ನ ಬಿಟ್ಟು ಗೆರಿ ಎಳಿಯೂದು ಎಂಥಾ ಕೆಲಸ?"

"ಯಪ್ಪಾ, ಅದೂ ಕೆಲಸಾನ ಐತಿ."

"ಕಬ್ಬಿಣ ಮಾಡಾವ ಕಬ್ಬಿಣ ಮಾಡ್ತಾನ. ಗೆರಿಯಿಂದ ಏನಾಕೈತಿ?"

ನನಗೆ ಮೈಯೆಲ್ಲ ಉರಿಯಿತು. ಅದೇ ಸಿಟ್ಟಿನಲ್ಲಿ, ಬೇಡವೆಂದರೆ ಬೇಡ ಎಂದು, ಮುಂಬಯಿಯಿಂದ ತಂದಿದ್ದ ದಪ್ಪ ಹಾಳೆಯ ಮೇಲೆ ರಾಜೀನಾಮೆ ಬರೆದು ಸಹಿ ಒಗೆದೆ. ಸಂತೆಗೆ ತಾಳಿಕೋಟೆಗೆ ಹೋದಾಗ ಟಪಾಲಿಗೆ ಹಾಕುತ್ತೇನೆಂದು ಅಪ್ಪ ಅದನ್ನು ಮಡಚಿ ಗೋಡೆಯ ಗೂಡಿನಲ್ಲಿಟ್ಟ. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದು ಗೂಡಿನ ಕಡೆ ನೋಡಿದಾಗಲೆಲ್ಲ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಗಿರಣಿಯ ಹಿಟ್ಟು ತರಿತರಿಯಾಗತೊಡಗಿತು. ರೊಟ್ಟಿ ಬಡಿದರೆ ಹರಿಯುತ್ತವೆ ಎಂದು ಹೆಂಗಸರು ಬುಟ್ಟಿ ಹೊತ್ತೇ ಜಗಳಕ್ಕೆ ಬಂದರು. ಬೀಸುಕಲ್ಲಿನ ಶಾಫ್ಟನ್ನು ಸುತ್ತಲೂ ಹಿಡಿದಿರುವ ಹಿತ್ತಾಳೆಯ ಬುಶ್ ಸವೆದು ಕಲ್ಲು ಅಲುಗುತ್ತಿತ್ತು. ನಮ್ಮ ಕಡೆಯ ಪದ್ಧತಿ ಸರಳ. ಹಳೇ ಬುಶ್ ಬಿಚ್ಚಿ, ಅರಿವೆಯಲ್ಲಿ ಕಟ್ಟಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ತಾಳಿಕೋಟೆಯ ಟರ್ನರನಿಗೆ ಕಳಿಸುವುದು. ಹೇಳುವ ಮಾತೂ ಒಂದೇ: "ಇದರಂಗ ಮಾಡ." ಆತ ಪ್ರಾಮಾಣಿಕ ಮನುಷ್ಯ. ಇದರ ಹಾಗೆಯೇ ಮಾಡಿದ, ಸವೆತವನ್ನೂ ಸೇರಿಸಿ! ಎರಡು ಸಲ ಹೊಸ ಬುಶ್ ಬಂತು, ಎರಡು ಸಲವೂ ಕಲ್ಲು ಅಲುಗಿತು. ಹೆಂಗಸರು ಬೇರೆ ಗಿರಣಿಯ ಹಾದಿ ಹಿಡಿದರು. ಈ ಗದ್ದಲದಲ್ಲಿ ಅಪ್ಪ ಸಂತೆಗೆ ಹೋಗಿರಲಿಲ್ಲ, ರಾಜೀನಾಮೆ ಗೂಡಿನಲ್ಲೇ ಇತ್ತು.

ನಾನು ಪೆಟ್ಟಿಗೆಯಿಂದ ನನ್ನ ಕ್ಯಾಲಿಪರ್ ತೆಗೆದು, ಬುಶ್ ಬಿಟ್ಟು ಶಾಫ್ಟನ್ನೇ ಅಳೆದೆ. ಮನೆಯಲ್ಲಿ ದಪ್ಪ ಹಾಳೆ ಅದೊಂದೇ ಇತ್ತು ಎಂದು ಈಗಲೂ ಹೇಳುತ್ತೇನೆ. ಗೂಡಿನಿಂದ ರಾಜೀನಾಮೆ ತೆಗೆದು, ಅದರ ಬೆನ್ನಿಗೆ ಬುಶ್ಶಿನ ನಕ್ಷೆ ಬರೆದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ತಿರುವಿ ನೋಡಿದ, ನನ್ನ ಸಹಿ ಕಂಡ, ಹಾಳೆ ಮಡಚಿಕೊಂಡು ತಾಳಿಕೋಟೆಯ ಬಸ್ಸು ಹತ್ತಿದ.

ನಕ್ಷೆಯ ಪ್ರಕಾರ ಬಂದ ಬುಶ್ ಬಿಗಿಯಾಗಿ ಕೂತಿತು. ಅರ್ಧ ತಾಸಿಗೆ ಶಾಫ್ಟ್ ಕಾದು ಹೊಗೆಯಾಡಿತು. ಅಪ್ಪ ಇಂಜಿನ್ ಬಂದ್ ಮಾಡಿ, ಹಿಟ್ಟು ಮೆತ್ತಿದ ಹುಬ್ಬು ಏರಿಸಿ ಕೇಳಿದ.

"ನಿಮ್ಮ ಹಡಗಿನ್ಯಾಗ ಹಿಟ್ಟು ಹಾರತೈತೇನವಾ?"

ನಾಚಿಕೆಯಿಂದ ನೆಲ ನೋಡಿದೆ. ಹಡಗಿನ ಬುಶ್ಶಿಗೆ ಸೋಸಿದ ಎಣ್ಣೆ ಸಿಗುತ್ತದೆ, ಇಲ್ಲಿ ಸಂದಿಗೆ ಹಿಟ್ಟು ಹೊಕ್ಕು ಹಿಡಿಯುತ್ತದೆ. ಅಲ್ಲಿಯ ಬಿಗಿಯನ್ನೇ ನಾನು ಹಿಟ್ಟಿನ ಧೂಳಿನಲ್ಲಿ ತಂದಿಟ್ಟಿದ್ದೆ.

"ಎಷ್ಟು ಸಡಿಲ ಬೇಕು, ನೀನ ಹೇಳು," ಎಂದೆ.

ಅಪ್ಪ ಹಳೇ ಪಂಚಾಂಗದ ಒಂದು ಹಾಳೆ ಹರಿದು ಶಾಫ್ಟಿಗೆ ಒಂದು ಸುತ್ತು ಸುತ್ತಿ, "ಇಷ್ಟು," ಎಂದ. ನಾನು ಕಾಗದದ ಮೇಲಿಂದಲೇ ಅಳೆದು ನಕ್ಷೆಯ ಅಂಕಿ ತಿದ್ದಿದೆ. ಟರ್ನರ್ ಆ ಅಂಕಿಗೆ ಬುಶ್ ಕೊರೆದುಕೊಟ್ಟ. ಈ ಸಲ ಕಲ್ಲು ಅಲುಗಲಿಲ್ಲ, ಶಾಫ್ಟ್ ಕಾಯಲೂ ಇಲ್ಲ. ಅಪ್ಪ ಹಿಟ್ಟನ್ನು ಬೆರಳುಗಳ ನಡುವೆ ಬಹಳ ಹೊತ್ತು ತಿಕ್ಕುತ್ತ ನಿಂತ.

ರಜೆ ಮುಗಿಯುವ ಹೊತ್ತಿಗೆ ಗಂಡ ಕರೆಯಲು ಬಂದರು.

"ಮಾವಾರ, ಆ ರಾಜೀನಾಮಿ ಟಪಾಲಿಗೆ ಹಾಕಿದ್ರೇನ್ರಿ? ನಮ್ಮವ್ವ ಕೇಳಾಕತ್ತಾಳ."

"ಅದು ಗಿರಣಿಗೆ ಬೇಕಾಗೈತ್ರಿ. ಬುಶ್ ಮತ್ತ ಸವದ್ರ ತಾಳಿಕೋಟಿಗೆ ನಾ ಏನ್ ಒಯ್ಯಲಿ?"

"ಮತ್ತ ಕೂಸು?"

ಅಪ್ಪ ನನ್ನ ಅವ್ವನ ಕಡೆ ಕೈ ಮಾಡಿದ. ಅವ್ವ ಮುಂಜಾನೆಯೇ ತನ್ನ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು.

"ಇಕಿ ನಿಮ್ಮ ಜೋಡಿ ಬರ್ತಾಳ. ಒಂದು ವರ್ಷ ನಾನ ರೊಟ್ಟಿ ಬಡ್ಕೋತೇನಿ. ಹಿಟ್ಟಂತೂ ಚಲೋ ಐತಿ."

ಅಳು ತಡೆಯಲಾಗದೆ ನಾನು ಗಿರಣಿಯೊಳಗೆ ಹೋದೆ. ಅಪ್ಪ ಆ ರಾಜೀನಾಮೆಯ ಹಾಳೆಯನ್ನು ನಾಲ್ಕು ಮೂಲೆಗೂ ಮೊಳೆ ಹೊಡೆದು ಗೋಡೆಗೆ ಬಡಿದಿದ್ದ. ನಕ್ಷೆ ನನ್ನ ಕಡೆಗಿತ್ತು, ನನ್ನ ಸಹಿ ಗೋಡೆಯ ಕಡೆಗೆ.